ಎತ್ತದ ಚಕಾರ

ಹುಡುಗನ ಕಡೆಯ ಹೆಂಗಸರು ಮೊದಲ ಸಲ ಹೆಣ್ಣು ನೋಡಲು ಬಂದ ದಿನ ಹೆಣ್ಣಿನ ಅಜ್ಜಿ ಫಿದ್ದಾ ಹಜ್ಜಾ ಬೀಗಿತ್ತಿಯಾಗಲಿರುವವಳ ಎರಡೂ ಕೆನ್ನೆ ಹಿಡಿದು, "ಬಾರವ್ವ ನನ್ನ ನಾಯಿ, ಬಾ ಕೂತ್ಕೊ" ಎಂದುಬಿಟ್ಟಳು.

ಹಾಗಂತ ಅವಳು ಹೇಳಲಿಲ್ಲ. ಅವರಿಗೆ ಹಾಗೆ ಕೇಳಿಸಿತು.

ಹಜ್ಜಾ ಹೇಳಿದ್ದು "ನನ್ನ ಹೃದಯವೇ" ಅಂತ. ಅರಬಿಯಲ್ಲಿ ಹೃದಯ ಎಂಬ ಪದದ ಮೊದಲ ಅಕ್ಷರ ಗಂಟಲಿನ ತಳದಿಂದ ಬರಬೇಕು. ಹಜ್ಜಾಳ ಊರು ಬೈತ್ ಲೌಜ್‌ನವರ ಬಾಯಲ್ಲಿ ಮಾತ್ರ ಅದು ಸಾದಾ ‘ಕ’. ಹೃದಯ ಅಂದರೆ ‘ಕಲ್ಬ್’. ಪಟ್ಟಣದವರ ಕಿವಿಗೆ ‘ಕಲ್ಬ್’ ಅಂದರೆ ನಾಯಿ! ಹಾಗಾದರೆ ಬೈತ್ ಲೌಜ್‌ನವರು ನಾಯಿಗೆ ಏನನ್ನುತ್ತಿದ್ದರು? ‘ಚಲ್ಬ್’. ಬೇರೆಯವರು ‘ಕ’ ಅನ್ನುವಲ್ಲೆಲ್ಲ ಅವರದು ‘ಚ’. ಊರಲ್ಲಿದ್ದಷ್ಟು ದಿನ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ನಾಯಿ ನಾಯಿಯ ಜಾಗದಲ್ಲಿತ್ತು, ಹೃದಯ ಹೃದಯದ ಜಾಗದಲ್ಲಿತ್ತು. ಯುದ್ಧದಲ್ಲಿ ಊರು ಕಳೆದುಕೊಂಡು ಬಂದು, ಅಮ್ಮಾನಿನ ವಹ್ದಾತ್ ನಿರಾಶ್ರಿತರ ಶಿಬಿರದಲ್ಲಿ ನೂರು ಊರಿನವರು ಗೋಡೆಗೆ ಗೋಡೆ ಹಚ್ಚಿ ಕೂತ ಮೇಲೆ ಎಡವಟ್ಟು ಶುರುವಾದದ್ದು.

ಬಂದವಳು ಉಮ್ ವಸೀಮ್, ಎಂದರೆ ಹುಡುಗ ವಸೀಮನ ತಾಯಿ. ಸಮುದ್ರದಂಡೆಯ ಯಾಫಾ ಪಟ್ಟಣದ ಮನೆತನ, ಅವರೂ ನಮ್ಮಂತೆ ಊರು ಕಳೆದುಕೊಂಡವರು. ಯಾಫಾದವರನ್ನು ಕೇಳಿ ನೋಡಿ, ಅವರ ಊರಲ್ಲಿ ಬಡವರೇ ಇರಲಿಲ್ಲ, ಒಬ್ಬೊಬ್ಬರಿಗೂ ಒಂದೊಂದು ಕಿತ್ತಳೆ ತೋಟ. ಉಮ್ ವಸೀಮ್ ಹುಟ್ಟಿದ್ದು ಕುವೈತಿನಲ್ಲಿ, ಸಮುದ್ರದ ಆ ದಂಡೆಯನ್ನು ಕಣ್ಣಲ್ಲಿ ಕಂಡವಳಲ್ಲ. ಆದರೂ ಕಿತ್ತಳೆಯ ಮಾತು ಬಂದರೆ ನಿನ್ನೆ ಸಂಜೆ ಕಿತ್ತು ತಂದವಳ ಹಾಗೆ ಮಾತಾಡುತ್ತಾಳೆ. ಒಳ್ಳೆಯ ಹೆಂಗಸು. ಹಳ್ಳಿಯವರ ‘ಕ’ ಏನೆಂದು ಅವಳಿಗೆ ಗೊತ್ತಿತ್ತು, ಮುಗುಳ್ನಕ್ಕು ಸುಮ್ಮನಾದಳು. ಜೊತೆಗೆ ಬಂದ ತಂಗಿ ಸುಹೈಲಾ ಮಾತ್ರ ತಲೆವಸ್ತ್ರದ ಅಂಚನ್ನು ಬಾಯಿಗೆ ತುರುಕಿಕೊಂಡು ಕುಲುಕುಲು ನಕ್ಕಳು. ನಾನು ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಹೆಣ್ಣಿನ ತಾಯಿ ನುಹಾಳ ಮುಖ ಬಿಳಿಚಿಕೊಂಡದ್ದನ್ನು ಕಂಡೆ.

ನಾನು ಪಕ್ಕದ ಮನೆಯವಳು. ನಮ್ಮ ಎರಡು ಮನೆಗಳ ನಡುವೆ ಒಂದೇ ಇಟ್ಟಿಗೆಯ ಗೋಡೆ, ಮೇಲೆ ಒಂದೇ ತಗಡು. ಅವರ ಮನೆಯಲ್ಲಿ ಸೀನಿದರೆ ನಮ್ಮ ಮನೆಯಲ್ಲಿ ‘ದೇವರು ಒಳ್ಳೇದು ಮಾಡಲಿ’ ಅನ್ನುತ್ತೇವೆ. ಆದ್ದರಿಂದ ಕದ್ದು ಕೇಳಿದೆ ಅಂತ ಯಾರೂ ನನ್ನನ್ನು ಆಡಿಕೊಳ್ಳಬೇಕಾಗಿಲ್ಲ.

ಬಂದವರ ಕಾರು ಓಣಿ ದಾಟಿತೋ ಇಲ್ಲವೋ, ನುಹಾಳ ದನಿ ಕೇಳಿತು.

"ಅತ್ತೆ, ಎಷ್ಟು ಸಲ ಹೇಳಿದ್ದೆ ನಿಮಗೆ? ‘ನನ್ನ ಕಣ್ಣೇ’ ಅನ್ನಿ, ‘ನನ್ನ ಜೀವವೇ’ ಅನ್ನಿ, ಆ ಹೃದಯದ ಸುದ್ದಿಗೆ ಮಾತ್ರ ಹೋಗ್ಬೇಡಿ ಅಂತ."

"ಕಣ್ಣು ಅನ್ಬೇಕಂತೆ. ಯಾಕವ್ವ, ನಂಗೆ ಎದೆ ಇಲ್ವಾ?"

"ಅವರು ನಕ್ಕರು ಅತ್ತೆ! ಹುಡುಗಿ ಮುಂದೆನೇ ನಕ್ಕರು. ನಗೋರ ಮುಂದೆ ಎಡವಿ ಬಿದ್ದ ಹಾಗಾಯ್ತು ನಮ್ಮ ಪಾಡು."

"ಎಡವಿದ್ದು ನಾನಲ್ಲ, ಅವರ ಕಿವಿ."

"ನಿಶ್ಚಿತಾರ್ಥದ ದಿನ ಅವರ ಕಡೆ ಹೆಂಗಸರು ಮನೆ ತುಂಬ ಇರ್ತಾರೆ. ಅವತ್ತು ಒಂದು ದಿನ ಆ ‘ಚ’ನೂ ಬಿಟ್ಟುಬಿಡಿ, ಅದಕ್ಕೂ ನಗ್ತಾರೆ. ನಿಮ್ಮ ಕಾಲಿಗೆ ಬೀಳ್ತೀನಿ."

"ಚ ಬುಟ್ಟು ಮಾತಾಡೋದು ಎಂಗವ್ವ? ನಿನ್ನ ಮನೆ ಅನ್ನಾಕೆ ‘ಬೈತಿಚ್’. ನಿನ್ನ ಅವ್ವ ಅನ್ನಾಕೆ ‘ಎಮ್ಮಿಚ್’. ಹೆಂಗಸಿನ ಜೊತೆ ‘ನಿನ್ನ’ ಅನ್ಬೇಕಾದ್ರೆ ಚ ಬಂದೇ ಬತ್ತದಲ್ಲ."

"ಎಲ್ಲರೂ ಅನ್ನೋ ಹಾಗೆ ‘ಬೈತಿಕ್’ ಅನ್ನಿ, ‘ಎಮ್ಮಿಕ್’ ಅನ್ನಿ. ಬಾಯಿ ಸವೆಯತ್ತಾ?"

"ಬೈತಿಕ್ಕು!" ಹಜ್ಜಾ ಉಗಿದಂತೆ ಹೇಳಿದಳು. "ಅದು ಯಾರದೋ ಮನೆ."

ನಡುವೆ ಮಗ ಖಮೀಸ್ ಏನೋ ಹೇಳಹೋದ. ಅವನು ಸೋಫಾಕ್ಕೆ ಬಟ್ಟೆ ಹೊದಿಸುವ ಕೆಲಸದವನು, ಹಗಲೆಲ್ಲ ಬಾಯಲ್ಲಿ ಸಣ್ಣ ಮೊಳೆ ಕಚ್ಚಿಕೊಂಡೇ ಇರುವ ಅಭ್ಯಾಸ. ಮೊಳೆ ಇಲ್ಲದಾಗಲೂ ಅವನ ಮಾತು ಹೊರಗೆ ಬರುವುದು ತಡ. ಅವನು ಬಾಯಿ ತೆರೆಯುವಷ್ಟರಲ್ಲಿ ಹಜ್ಜಾ ತೀರ್ಮಾನ ಹೇಳಿಯಾಗಿತ್ತು.

"ಆಯ್ತು. ಮಗೀನ ಬೆರಳ್ಗೆ ಉಂಗುರ ಬೀಳೋ ಗಂಟ ನಾನು ಚಕಾರ ಎತ್ತಾಕಿಲ್ಲ."

ಅವಳ ಮಟ್ಟಿಗೆ ಅದು ಬರೀ ನುಡಿಗಟ್ಟಲ್ಲ. ಚಕಾರ ಬಿಟ್ಟರೆ ಫಿದ್ದಾ ಹಜ್ಜಾಳ ಬಾಯಲ್ಲಿ ಉಳಿಯುವುದು ಹಲ್ಲು ಮಾತ್ರ, ಅದೂ ನಾಲ್ಕೋ ಐದೋ.

ಮೊದಲ ವಾರ ನುಹಾಗೆ ಹಾಯೆನಿಸಿತು. ಅಡುಗೆಮನೆಯಲ್ಲಿ ಹಿಂದೆ ನಿಂತು ಅಕ್ಕಿ ಹೆಚ್ಚಾಯಿತು, ಬೆಂಕಿ ಜಾಸ್ತಿಯಾಯಿತು ಅನ್ನುವವರಿಲ್ಲ. ಎರಡನೇ ವಾರಕ್ಕೆ ಅದೇ ಅವಳಿಗೆ ಮುಳ್ಳಾಯಿತು. ಶುಕ್ರವಾರ ಮಕ್ಲೂಬೆ ಮಾಡಿದಳು. ಅನ್ನ, ಬದನೆ, ಕೋಳಿ ಎಲ್ಲ ಬೆಂದ ಪಾತ್ರೆಯನ್ನು ದೊಡ್ಡ ತಟ್ಟೆಯ ಮೇಲೆ ಬೋರಲು ಹಾಕಿದಾಗ ಅರ್ಧ ಕುಸಿದು ಬಿತ್ತು. ಬೇರೆ ದಿನವಾದರೆ ಹಜ್ಜಾ ಊಟ ಮುಗಿಯುವವರೆಗೂ ಅದನ್ನೇ ಹಾಡುತ್ತಿದ್ದಳು. ಈಗ ತಲೆ ತಗ್ಗಿಸಿ ತಿಂದು, ಕೈ ತೊಳೆದು, ಗೋಡೆಗೆ ಒರಗಿ ಕೂತಳು.

"ಉಪ್ಪು ಸರಿಯಾಗಿತ್ತಾ ಅತ್ತೆ?" ನುಹಾ ಕೇಳಿದಳು.

ಹಜ್ಜಾ ಚಾವಣಿ ನೋಡಿದಳು.

"ಬೈದಿದ್ರಾದ್ರೂ ಉಪ್ಪೆಷ್ಟು ಅಂತ ಗೊತ್ತಾಗ್ತಿತ್ತು" ಎಂದು ನುಹಾ ತಟ್ಟೆಗಳನ್ನು ಸದ್ದು ಮಾಡುತ್ತ ಒಯ್ದಳು.

ಓಣಿಯಲ್ಲಿ ಸುದ್ದಿ ಹಬ್ಬಿತು. ಹಜ್ಜಾಗೆ ಲಕ್ವ ಹೊಡೆದಿದೆ ಅಂತ ಒಬ್ಬರು, ಹಲ್ಲು ಕೀಳಿಸಿದ್ದಾರೆ ಅಂತ ಇನ್ನೊಬ್ಬರು. ಎದುರುಮನೆಯವಳು ಎಲುಬಿನ ಸಾರು ಕಾಸಿ ತಂದಳು. ಹಜ್ಜಾ ಅದನ್ನು ಸೊರ್ರೆಂದು ಕುಡಿದು, ಬಟ್ಟಲು ತೊಳೆದು, ಒಂದು ಹಿಡಿ ಒಣದ್ರಾಕ್ಷಿ ಹಾಕಿ ವಾಪಸು ಕೊಟ್ಟಳು. ಮಾತು ಮಾತ್ರ ಇಲ್ಲ. ಖಮೀಸ್ ದಿನಾ ಸಂಜೆ ಬಂದು ಅವಳ ಮುಂದೆ ಕುಕ್ಕರಿಸುತ್ತಿದ್ದ.

"ಯಮ್ಮಾ, ಒಂದು ಮಾತಾಡೇ. ಬೈಯಾದ್ರೂ ಬೈಯಿ."

ಅವಳು ಅವನ ತಲೆ ಸವರಿ, ಎಣ್ಣೆ ಹಚ್ಚಿಲ್ಲ ಅಂತ ಬೆರಳು ಉಜ್ಜಿ ತೋರಿಸಿದಳು.

"ನೀನೇ ಹೋಗಿ ತಪ್ಪಾಯ್ತು ಅನ್ನು ಮಾರಾಯ್ತಿ" ಎಂದು ಅವನು ಹೆಂಡತಿಯ ಹತ್ತಿರ ಹೋದರೆ, "ನನ್ನದೇನು ತಪ್ಪು? ನಾನು ಹೇಳಿದ್ದು ನಿಮ್ಮ ಮಗಳ ಒಳ್ಳೇದಕ್ಕೆ" ಎಂದು ಅವಳು. ಅಡಕತ್ತರಿಗೆ ಸಿಕ್ಕ ಅಡಕೆ ಅವನು. "ನನ್ನ ಗಲ್ಬ್ ಒಡೆದುಹೋಗತ್ತೆ ನಿಮ್ಮಿಬ್ಬರ ಮಧ್ಯೆ" ಎಂದು ಎದೆ ಬಡಿದುಕೊಂಡ.

ಅದೂ ಹೃದಯವೇ. ಮಾರುಕಟ್ಟೆಯ ಗಂಡಸರು ಈ ನಾಡಿನ ಮರಳುಗಾಡಿನ ಬದೂಯಿನ್ನರ ಹಾಗೆ ‘ಗಲ್ಬ್’ ಅನ್ನುತ್ತಾರೆ, ಇವನೂ ಕಲಿತ. ನುಹಾ ಮತ್ತು ಮಗಳು ಬಯಾನ್ ಪಟ್ಟಣದ ಹೆಂಗಸರಂತೆ ಮೊದಲ ಅಕ್ಷರವನ್ನೇ ನುಂಗಿ ‘ಅಲ್ಬ್’ ಅನ್ನುತ್ತಾರೆ. ಹಜ್ಜಾಳದು ‘ಕಲ್ಬ್’. ಎರಡು ಕೋಣೆಯ ಮನೆಯಲ್ಲಿ ಹೃದಯಕ್ಕೆ ಮೂರು ಹೆಸರು. ಮೊದಲೆಲ್ಲ ನಾನು ಇದನ್ನು ಹೇಳಿ ನಗುತ್ತಿದ್ದೆ. ಆ ತಿಂಗಳು ನಗು ಬರಲಿಲ್ಲ.

ಬಯಾನ್ ಹಲ್ಲಿನ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ಸಮಯ ಗೊತ್ತುಮಾಡಿ ಕೂರಿಸುವ ಕೆಲಸದಲ್ಲಿದ್ದಳು. ಅಲ್ಲಿಗೆ ಔಷಧಿ ಮಾರಲು ಬರುತ್ತಿದ್ದ ವಸೀಮನೇ ಇವಳನ್ನು ಮೆಚ್ಚಿ ಮನೆಯವರನ್ನು ಕಳಿಸಿದ್ದು. ಇವಳಿಗೂ ಅವನೆಂದರೆ ಪ್ರಾಣ. ಆದರೂ ಒಂದು ಸಂಜೆ ಬಾಗಿಲ ಮುಂದಿನ ಹಗ್ಗದಿಂದ ಬಟ್ಟೆ ತೆಗೆಯುತ್ತ ಫೋನಿನಲ್ಲಿ ಅವನ ಜೊತೆ ಜಗಳಕ್ಕೇ ನಿಂತಳು.

"ನಿಮ್ಮ ಚಿಕ್ಕಮ್ಮ ಆ ನಾಯಿ ಕಥೆಯನ್ನ ಎಷ್ಟು ಮನೇಲಿ ಹೇಳ್ಕೊಂಡು ಬಂದಿದಾರೆ? ನಮ್ಮ ಆಸ್ಪತ್ರೆವರೆಗೂ ಬಂತು! ... ಪ್ರೀತಿಗೆ ನಕ್ಕಿದ್ದಂತೆ! ... ಕ್ಷಮೆ ಕೇಳಿಸೋದೇನೂ ಬೇಡ ವಸೀಮ್. ಒಂದು ಮಾತು ಕೇಳು. ನಮ್ಮ ಸಿತ್ತಿ ಎದ್ದು ಆವೀಹಾ ಹೇಳದೆ ನಾನು ನಿಶ್ಚಿತಾರ್ಥದ ಕುರ್ಚಿ ಮೇಲೆ ಕೂರಲ್ಲ. ನೀನು ಉಂಗುರ ಹಿಡ್ಕೊಂಡು ನಿಂತಿರು."

ಸಿತ್ತಿ ಅಂದರೆ ಅಜ್ಜಿ. ಆವೀಹಾ ನಮ್ಮ ಹೆಂಗಸರ ಶುಭದ ಪದ. ಹಿರಿಯಳೊಬ್ಬಳು ಬಾಯಿಗೆ ಅಂಗೈ ಅಡ್ಡ ಹಿಡಿದು, ಸಾಲಿನ ಮೊದಲಿಗೆ ‘ಆವೀಹಾ’ ಎಂದು ಕೂಗಿ, ಮದುಮಗಳನ್ನು ಹೊಗಳಿ ನಾಲ್ಕು ಸಾಲು ಕಟ್ಟುತ್ತಾಳೆ. ಮುಗಿದಾಗ ಉಳಿದವರೆಲ್ಲ ನಾಲಿಗೆ ಹೊರಳಿಸಿ ಕೇಕೆ ಹಾಕುತ್ತಾರೆ. ಗಂಡಿನ ಕಡೆಯವರು ಒಂದು ಹೇಳಿದರೆ ಹೆಣ್ಣಿನ ಕಡೆಯಿಂದ ಉತ್ತರ ಹೋಗಲೇಬೇಕು, ಹೋಗದಿದ್ದರೆ ಹುಡುಗಿಗೆ ಹಿಂದೆ ಮುಂದೆ ಯಾರೂ ಇಲ್ಲವೆಂದು ಲೆಕ್ಕ. ಇದೆಲ್ಲ ಉಂಗುರಕ್ಕಿಂತ ಮೊದಲು ಆಗಬೇಕು. ನಮ್ಮ ಓಣಿಯ ಎಲ್ಲ ಹೆಣ್ಣುಮಕ್ಕಳಿಗೂ, ನನ್ನ ಇಬ್ಬರು ಮಕ್ಕಳಿಗೂ, ಆವೀಹಾ ಹೇಳಿದವಳು ಫಿದ್ದಾ ಹಜ್ಜಾ. ತನ್ನ ಮೊಮ್ಮಗಳ ದಿನಕ್ಕೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು.

"ಸ್ಪೀಕರ್ ತರಿಸೋಣ. ಒಳ್ಳೊಳ್ಳೆ ಹಾಡು ಇವೆ" ಎಂದಳು ನುಹಾ.

"ಸ್ಪೀಕರ್‌ಗೆ ನಾನು ಮೊಮ್ಮಗಳಾ?"

"ನಾಲಿಗೆ ಬಿಗಿ ಹಿಡಿ ಬಯಾನ್. ನಿನಗೇನು ಗೊತ್ತು? ನಿನ್ನ ವಯಸ್ಸಲ್ಲಿ ನಾನು ಮೇಲಿನ ಪೇಟೆಯ ದರ್ಜಿ ಅಂಗಡೀಲಿ ಗುಂಡಿ ಹೊಲೀತಿದ್ದೆ. ಬರೋ ಹೆಂಗಸರೆಲ್ಲ ‘ಮೀನು ಅನ್ನು ನೋಡೋಣ’ ಅನ್ನೋರು. ನಾನು ‘ಸಮಚ್’ ಅಂದ್ರೆ ಬಿದ್ದು ಬಿದ್ದು ನಗೋರು. ಅಂಗಡಿಯವನು ಬಂದವರಿಗೆಲ್ಲ ನನ್ನನ್ನ ಕರೆದು ಹೇಳಿಸ್ತಿದ್ದ, ಕೋತಿ ಆಡಿಸೋ ಹಾಗೆ. ಆ ಬೇಸಿಗೆಯಲ್ಲೇ ಬಿಟ್ಟೆ ನಾನು ಚಕಾರಾನ. ನನ್ನ ಮಗಳಿಗೆ ಆ ಗತಿ ಬೇಡ ಅಂದದ್ದು ತಪ್ಪಾ?"

ನುಹಾಳ ತವರೂ ಬೈತ್ ಲೌಜ್‌ನವರೇ ಎಂಬುದು ನನಗೆ ಆಗ ನೆನಪಾಯಿತು. ಅವಳ ಬಾಯಿಂದ ಆ ಊರು ಎಷ್ಟು ಚೊಕ್ಕಟವಾಗಿ ಹೋಗಿತ್ತೆಂದರೆ ನಾನು ಮರೆತೇಬಿಟ್ಟಿದ್ದೆ. ಬಯಾನ್ ಮಾತ್ರ ಹಟ ಬಿಡಲಿಲ್ಲ.

ನಿಶ್ಚಿತಾರ್ಥಕ್ಕೆ ಎರಡು ವಾರ ಇರುವಾಗ ಮುಲೂಖಿಯ ಸೊಪ್ಪು ಬಿಡಿಸಲು ನನ್ನನ್ನೂ ಕರೆದರು. ನೆಲಕ್ಕೆ ಹಳೇ ದುಪ್ಪಟಿ ಹಾಸಿ, ಸೊಪ್ಪಿನ ಗುಡ್ಡೆಯ ಸುತ್ತ ನಾವು ನಾಲ್ವರೂ ಕೂತೆವು. ಹಜ್ಜಾಳ ಕೈ ಎಲೆ ಕೀಳುವುದರಲ್ಲಿ ನಮ್ಮೆಲ್ಲರಿಗಿಂತ ಚುರುಕು. ಬಯಾನ್ ಅಜ್ಜಿಯ ಮಂಡಿಗೆ ಮಂಡಿ ತಾಗಿಸಿ ಕೂತಿದ್ದಳು. ತುಂಬ ಹೊತ್ತು ಧೈರ್ಯ ಕೂಡಿಸಿಕೊಂಡಳೆಂದು ಕಾಣುತ್ತದೆ. ಅಜ್ಜಿಯ ಕೈ ಹಿಡಿದು, ಅಜ್ಜಿಯ ಭಾಷೆಯಲ್ಲೇ ಹೇಳಿದಳು.

"ಸಿತ್ತಿ, ನೀನು ನನ್ನ ಚಲ್ಬ್!"

ಹಜ್ಜಾಳ ಕೈಯ ಸೊಪ್ಪು ಕೆಳಗೆ ಬಿತ್ತು. ಭುಜ ಕುಲುಕತೊಡಗಿತು. ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡು, ಸದ್ದೇ ಇಲ್ಲದೆ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ನಾವೂ ನಕ್ಕೆವು. ಆಮೇಲೆ ನೋಡಿದರೆ ಅವಳು ನಗುತ್ತಿರಲಿಲ್ಲ. ಮಂಡಿಯ ಮೇಲೆ ಕೈಯೂರಿ ಎದ್ದು, ಒಳಗಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು.

"ಏನಾಯ್ತು? ನಾನೇನಂದೆ?" ಬಯಾನ್ ಗಾಬರಿಯಾದಳು.

"ನಾಯಿ ಅಂದೆ" ಎಂದಳು ನುಹಾ.

"ಹೃದಯ ಅಂದೆ ಅಮ್ಮಾ!"

"ಹೃದಯಕ್ಕೆ ಚ ಬರಲ್ಲ ಕಣೇ. ನಾಯಿಗೆ ಬರತ್ತೆ."

"ಅದು ನಂಗೆ ಹೇಗೆ ಗೊತ್ತಾಗ್ಬೇಕು? ಯಾರು ಹೇಳ್ಕೊಟ್ರು ನಂಗೆ? ಸಿತ್ತಿ ಮಾತು ಅಂದ್ರೆ ಎಲ್ಲಾದಕ್ಕೂ ಚ ಹಾಕೋದು ಅಂದ್ಕೊಂಡಿದ್ದೆ ನಾನು."

ನುಹಾ ಎಲೆ ಕಿತ್ತ ಬರೀ ಕಡ್ಡಿಯನ್ನು ಎಲೆಗಳ ರಾಶಿಗೆ ಹಾಕಿ, ಎಲೆಗಳನ್ನು ಕಸಕ್ಕೆ ಹಾಕುತ್ತಿದ್ದಳು. ಅವಳಿಗೆ ಎಲ್ಲಿ ತಾಗಿತೆಂದು ನನಗೆ ಗೊತ್ತಾಯಿತು.

ಯಾಕೆಂದರೆ ಬೈತ್ ಲೌಜ್ ಈಗ ಎಲ್ಲೂ ಇಲ್ಲ. ಹಜ್ಜಾ ಒಂಬತ್ತು ವರ್ಷದವಳಿದ್ದಾಗ ಬಿಟ್ಟು ಬಂದ ಊರು. ನಡುವಯಸ್ಸಿನಲ್ಲಿ ಒಮ್ಮೆ ಪರವಾನಗಿ ಸಿಕ್ಕಿ ನದಿ ದಾಟಿ ನೋಡಿ ಬಂದಿದ್ದಳು. ಹೆದ್ದಾರಿ ಇತ್ತು, ಪೈನ್ ಮರಗಳಿದ್ದವು, ಗುರುತಿಗೆ ಒಂದು ಗೋಡೆಯೂ ಸಿಗಲಿಲ್ಲ. ವಾಪಸು ಬಂದ ದಿನ ನನ್ನ ಹೊಸಿಲ ಮೇಲೆ ಕೂತು ಹೇಳಿದ ಮಾತು ನನಗೆ ನೆನಪಿದೆ: "ಅಲ್ಲೇನೂ ಇಲ್ಲ ಕಣವ್ವ. ಇದ್ರೆ ನಮ್ಮ ಬಾಯಲ್ಲೇ ವಸಿ ಐತೆ." ಆ ಬಾಯನ್ನೇ ಮುಚ್ಚಿಸಿದವಳು ತಾನೆಂದು ನುಹಾಗೆ ಅವತ್ತು ಹೊಳೆದಿರಬೇಕು.

ಅಂದು ಸಂಜೆ ನುಹಾ ಸೇಜ್ ಎಂಬ ಘಮದ ಎಲೆ ಹಾಕಿದ ಚಹಾ ಮಾಡಿ ಅತ್ತೆಯ ಮುಂದಿಟ್ಟಳಂತೆ.

"ತಪ್ಪಾಯ್ತು ಅತ್ತೆ. ನಿಮಗೆ ಹೇಗೆ ಬರತ್ತೋ ಹಾಗೇ ಮಾತಾಡಿ. ಯಾರು ನಕ್ಕರೂ ನಗಲಿ."

ಹಜ್ಜಾ ಸೊಸೆಯ ಕೆನ್ನೆ ತಟ್ಟಿದಳು. ಚಹಾ ಕುಡಿದಳು. ಆಮೇಲೆ ಉಂಗುರದ ಬೆರಳನ್ನು ಎತ್ತಿ ತೋರಿಸಿದಳು. ಆಡಿದ ಮಾತು ಆಡಿದ್ದೇ, ಉಂಗುರ ಬೀಳುವವರೆಗೆ ಇಲ್ಲ. ಇಷ್ಟು ಹಟಮಾರಿ ಮುದುಕಿಯನ್ನು ನಾನು ಕಂಡಿಲ್ಲ. ಅತ್ತ ಬಯಾನ್ ಕೂಡ ಅದೇ ರಕ್ತ. ಅಜ್ಜಿ ಹೇಳದೆ ಕೂರುವುದಿಲ್ಲ ಅಂದವಳು ಒಂದಿಂಚು ಜರುಗಲಿಲ್ಲ. ಖಮೀಸ್ ಮಾತ್ರ ಅವರಿವರ ಮುಖ ನೋಡುತ್ತ ಸೊರಗಿದ. ಆ ದಿನಗಳಲ್ಲಿ ನುಹಾ ಪಾತ್ರೆ ತಿಕ್ಕುತ್ತ ಏನೋ ಗೊಣಗುವುದು ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು. ಸಿಟ್ಟಿಗೆ ತನ್ನಷ್ಟಕ್ಕೆ ಬೈದುಕೊಳ್ಳುತ್ತಿದ್ದಾಳೆ ಅಂದುಕೊಂಡಿದ್ದೆ.

ನಿಶ್ಚಿತಾರ್ಥದ ದಿನ ಗಂಡಸರು ನಮ್ಮ ಮನೆಯಲ್ಲಿ ಕೂತರು, ಹೆಂಗಸರು ಅವರ ಮನೆಯಲ್ಲಿ. ಗಂಡಿನ ಕಡೆಯ ಹಿರಿಯರು ರೂಢಿಯಂತೆ ಕಾಫಿ ಮುಟ್ಟದೆ ಹೆಣ್ಣು ಕೇಳಿದರು. ಖಮೀಸ್ ಕೊಟ್ಟೆವೆಂದ, ಅವರು ಕಾಫಿ ಕುಡಿದರು. ಅಲ್ಲಿಗೆ ಗಂಡಸರ ಪಾಲಿನದು ಮುಗಿಯಿತು. ನಮ್ಮ ಪಾಲಿನದೇ ಕಷ್ಟದ್ದು.

ಹೂವು ಕಟ್ಟಿದ ಕುರ್ಚಿಯ ಪಕ್ಕದಲ್ಲಿ ಬಯಾನ್ ನಿಂತೇ ಇದ್ದಳು. "ಕೂತ್ಕೊಳಮ್ಮ" ಎಂದು ಯಾರೋ ಅಂದರು. ಅವಳು ತಲೆಯಾಡಿಸಿದಳು. ಮೂಲೆಯಲ್ಲಿ ಫಿದ್ದಾ ಹಜ್ಜಾ ಕಸೂತಿಯ ಉದ್ದನೆ ಅಂಗಿ ತೊಟ್ಟು, ಕೋಲಿನ ಮೇಲೆ ಎರಡೂ ಕೈ ಇಟ್ಟು ಕೂತಿದ್ದಳು. ಸುಹೈಲಾ ಅವಳನ್ನೇ ನೋಡುತ್ತ ಕಾಯುತ್ತಿದ್ದಳು.

ಉಮ್ ವಸೀಮ್ ಎದ್ದಳು. ಒಳ್ಳೆಯ ಕಂಠ ಅವಳದು. ನಾಲ್ಕು ಸಾಲಿನ ಆವೀಹಾದಲ್ಲಿ ಮೂರು ಕಿತ್ತಳೆ, ಒಂದು ಸಮುದ್ರ. ಅವರ ಕಡೆಯವರು ಕೇಕೆ ಹಾಕಿದರು. ಇನ್ನು ನಮ್ಮ ಕಡೆಯ ಉತ್ತರ ಹೋಗಬೇಕು. ಎಲ್ಲರ ಕಣ್ಣೂ ಮೂಲೆಗೆ. ಹಜ್ಜಾ ನೆಲ ನೋಡುತ್ತಿದ್ದಳು. ಬಯಾನ್ ತುಟಿ ಕಚ್ಚಿಕೊಂಡಳು. ಇನ್ನೊಂದು ಗಳಿಗೆ ಹೀಗೇ ಹೋದರೆ ಹುಡುಗಿ ಅತ್ತುಬಿಡುತ್ತಾಳೆ, ಸಂಬಂಧ ಮುರಿದಂತೆಯೇ ಅನ್ನಿಸಿತು.

ನುಹಾ ಸಿಹಿಯ ತಟ್ಟೆಯನ್ನು ನನ್ನ ಕೈಗೆ ತುರುಕಿದಳು. ನಡುಕೋಣೆಗೆ ಬಂದು ಬಾಯಿಗೆ ಅಂಗೈ ಅಡ್ಡ ಹಿಡಿದಳು.

"ಆವೀಹಾ! ಯಾರ ಮಗಳೆಂದು ಕೇಳಿದವರಿಗೆ ತೋರವ್ವ ನಿನ್ನ ಅವ್ವನ್ನ..."

ಸಾಲಿನ ಕೊನೆಗೆ ‘ಎಮ್ಮಿಚ್’. ಖಮೀಸ್ ಕುರ್ಚಿಗೆ ಮೊಳೆ ಹೊಡೆದ ಹಾಗೆ, ಗಟ್ಟಿಯಾಗಿ, ಚಕಾರ! ನುಹಾಳ ಬಾಯಿಂದ! ನಾನು ತಟ್ಟೆ ಬೀಳಿಸುವುದೊಂದು ಬಾಕಿ. ಹಜ್ಜಾ ತಲೆ ಎತ್ತಿದಳು.

"ಆವೀಹಾ! ಯಾವೂರೆಂದು ಕೇಳಿದವರಿಗೆ ತೋರವ್ವ ನಿನ್ನ ಮನೆಯ..."

‘ಬೈತಿಕ್’ ಎಂದುಬಿಟ್ಟಳು. ಇಷ್ಟು ವರ್ಷದ ಅಭ್ಯಾಸ, ನಾಲಿಗೆ ಜಾರಿತು. ತಪ್ಪಿದ್ದು ಅವಳಿಗೇ ಗೊತ್ತಾಯಿತು. ಮುಂದಿನ ಸಾಲು ಬರಲಿಲ್ಲ. ಕಿವಿಯವರೆಗೂ ಕೆಂಪೇರಿ, ಗುಂಡಿ ಹೊಲಿಯುತ್ತಿದ್ದ ಹುಡುಗಿಯ ಹಾಗೆ ನಿಂತಳು. ಸುಹೈಲಾಳ ಕೈ ತಲೆವಸ್ತ್ರದ ಅಂಚಿಗೆ ಹೋಯಿತು.

ಕೋಲು ನೆಲಕ್ಕೆ ಕುಟ್ಟಿದ ಸದ್ದಾಯಿತು.

"ಬೈತಿಚ್!" ಫಿದ್ದಾ ಹಜ್ಜಾ ಗುಡುಗಿದಳು. "ಬೈತಿಚ್ ಕಣವ್ವ! ಮನೇನೇ ತಪ್ಪೇಳುದ್ರೆ ಮಗು ಯಾವ ಮನೇಗೆ ಹೋದಾಳು? ಇನ್ನೊಂದ್ಸಲ ಹೇಳು, ಮೊದ್ಲಿಂದ. ನಾನಿವ್ನಿ."

ಗೋಡೆಯಾಚೆ ನಮ್ಮ ಮನೆಯಿಂದ ಖಮೀಸ್ ಕೂಗಿಕೊಂಡ: "ಯಮ್ಮಾ ಮಾತಾಡಿದ್ಳು! ಕೇಳಿದ್ರಾ, ಯಮ್ಮಾ ಮಾತಾಡಿದ್ಳು!" ಉಮ್ ವಸೀಮ್ ತಂಗಿಯ ಮೊಣಕೈ ಹಿಡಿದು ಕೆಳಗಿಳಿಸಿ, ತಾನ್ಯಾವ ಕಡೆಯವಳೆಂಬುದನ್ನೂ ಮರೆತು ಎಲ್ಲರಿಗಿಂತ ಮೊದಲು ಕೇಕೆ ಹಾಕಿದಳು.

ನುಹಾ ತೋಳಿನಿಂದ ಕಣ್ಣೊರೆಸಿಕೊಂಡು ಮೊದಲಿನಿಂದ ಶುರು ಮಾಡಿದಳು. ಎರಡನೇ ಸಾಲಿನ ಕೊನೆಗೆ ಬಂದಾಗ ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಹೇಳಿದರು. ಬಯಾನ್ ಕುರ್ಚಿಯ ಮೇಲೆ ಕೂತಳು.